ಮೊಂತಿ ಹಬ್ಬದ ಹೊಸ ಅಕ್ಕಿ ಊಟ: ಮನೆಯಲ್ಲಿ ಮಾಡುವ ಕ್ರಮ

ಸೆಪ್ಟೆಂಬರ್ 8 ಮೇರಿ ಮಾತೆಯ ಹುಟ್ಟುಹಬ್ಬ. ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕ್ಯಾಥೊಲಿಕರಿಗೆ ಅದೇ ಮೊಂತಿ ಹಬ್ಬ, ಹೊಸ ಅಕ್ಕಿ ಊಟದ ದಿನ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಪಕ್ಕದ ಮನೆಯ ತುಳುವರೂ ಗದ್ದೆಯಿಂದ ತೆನೆ ತಂದು, ಮಾವು ಹಲಸಿನ ಎಲೆ ಸೇರಿಸಿ ಕಂಬಕ್ಕೆ, ಕಣಜಕ್ಕೆ ಕಟ್ಟುತ್ತಾರೆ, ಪುದ್ವಾರ್ (ಹೊಸ ಅಕ್ಕಿಯ) ಊಟ ಮಾಡುತ್ತಾರೆ. ಹಾಗಾದರೆ ಇದರಲ್ಲಿ ಕ್ರೈಸ್ತರದ್ದು ಯಾವುದು, ಊರಿನದ್ದು ಯಾವುದು ಎಂಬ ಪ್ರಶ್ನೆ ಪ್ರತಿ ವರ್ಷ ಯಾರಾದರೊಬ್ಬರು ಎತ್ತುತ್ತಾರೆ. ತೆನೆ, ಬಾಳೆ ಎಲೆ, ಸೊಪ್ಪು ತರಕಾರಿ ಎಲ್ಲವೂ ಊರಿನದ್ದೇ. ಅದನ್ನು ಯಾರಿಗೆ ಒಪ್ಪಿಸುತ್ತೀರಿ, ಯಾವ ಪ್ರಾರ್ಥನೆ ಹೇಳಿ ಬಾಯಿಗೆ ಹಾಕಿಕೊಳ್ಳುತ್ತೀರಿ ಎಂಬಲ್ಲಿ ಹಬ್ಬ ಕ್ರೈಸ್ತರದ್ದಾಗುತ್ತದೆ. ಆದ್ದರಿಂದ ಅಡುಗೆಯಲ್ಲಿ ಒಂದೆರಡು ಪದಾರ್ಥ ಬಿಟ್ಟುಹೋದರೆ ತೊಂದರೆಯಿಲ್ಲ, ತೆನೆಯನ್ನು ಆಶೀರ್ವದಿಸಿ, ಸುಲಿದು, ಹಾಲಿಗೆ ಬೆರೆಸಿ ಕುಡಿಯುವ ಕ್ರಮ ಬಿಟ್ಟರೆ ಉಳಿಯುವುದು ಬರೀ ಶಾಕಾಹಾರಿ ಊಟ.

ಹೊಸ ಬೆಳೆಯನ್ನು ಮೊದಲು ದೇವರಿಗೆ ಒಪ್ಪಿಸುವುದಕ್ಕೆ ಆಧಾರವೇನು ಎಂದು ಕೇಳುವವರಿಗೆ ಬೈಬಲಿನ ಎರಡು ಭಾಗ ತೋರಿಸಿದರೆ ಸಾಕು. ಯಾಜಕಕಾಂಡ 23:10–14ರಲ್ಲಿ ಮೊದಲ ಸಿವುಡನ್ನು (ತೆನೆಯ ಕಟ್ಟನ್ನು) ದೇವರಿಗೆ ಒಪ್ಪಿಸುವ ತನಕ ಹೊಸ ಬೆಳೆಯ ರೊಟ್ಟಿಯನ್ನಾಗಲಿ ಹುರಿದ ಕಾಳನ್ನಾಗಲಿ ತಿನ್ನಬಾರದೆಂದಿದೆ. ಧರ್ಮೋಪದೇಶಕಾಂಡ 26:1–11 ಪ್ರಥಮಫಲವನ್ನು ಬುಟ್ಟಿಯಲ್ಲಿಟ್ಟು ತಂದು ಹೇಳಬೇಕಾದ ಮಾತನ್ನೇ ಕೊಡುತ್ತದೆ, ಕೊನೆಗೆ ನಿಮ್ಮ ನಡುವಿನ ಪರದೇಶಿಯೂ ನಿಮ್ಮೊಂದಿಗೆ ಸಂತೋಷಪಡಲಿ ಎನ್ನುತ್ತದೆ. ಮನೆಯ ಪ್ರಾರ್ಥನೆಗೆ ಈ ಎರಡನೆಯದನ್ನೇ ಆರಿಸಿಕೊಳ್ಳಿ.

ಸ್ಥಳೀಯ ಪದ್ಧತಿಗಳ ಬಗ್ಗೆ ಕ್ಯಾಥೊಲಿಕ್ ಧರ್ಮಸಭೆಯ ನಿಲುವು ಯಾವಾಗಲೂ ಒಂದೇ ಆಗಿರಲಿಲ್ಲ. ಗೋವಾದ ಇನ್‌ಕ್ವಿಸಿಷನ್ (ಧರ್ಮ ವಿಚಾರಣೆಯ ನ್ಯಾಯಮಂಡಳಿ) 1736ರ ಆಜ್ಞೆಯಲ್ಲಿ ಮನೆಯ ಬಳಿ ತುಳಸಿ ನೆಡುವುದನ್ನೂ ಮದುವೆಯ ಎಷ್ಟೋ ಶಾಸ್ತ್ರಗಳನ್ನೂ ನಿಷೇಧಿಸಿತ್ತು. 1962–65ರ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಗಾಳಿ ಬದಲಾಯಿತು. 1969ರಲ್ಲಿ ರೋಮ್ ಭಾರತದ ಸಭೆಗೆ ಒಪ್ಪಿಗೆ ಕೊಟ್ಟ 12 ಅಂಶಗಳಲ್ಲಿ ನೆಲದ ಮೇಲೆ ಕೂರುವುದು, ಪಾದರಕ್ಷೆ ಕಳಚುವುದು, ಕೈ ಮುಗಿಯುವುದು, ಆರತಿ, ಎಣ್ಣೆ ದೀಪ ಎಲ್ಲ ಇವೆ. ಹಾಗಾಗಿ ಮನೆಯ ಆಲ್ತಾರಿನ (ಪ್ರಾರ್ಥನೆಯ ಪೀಠದ) ಮುಂದೆ ದೀಪ ಹಚ್ಚಿ ಕೈ ಮುಗಿದರೆ ಯಾರೂ ಗಾಬರಿಪಡಬೇಕಾಗಿಲ್ಲ.

ತಯಾರಿ ಶುರುವಾಗುವುದು ಆಗಸ್ಟ್ 30ಕ್ಕೆ. ಅಂದಿನಿಂದ ಒಂಬತ್ತು ದಿನ ನೊವೆನಾ ಪ್ರಾರ್ಥನೆ. ಮಕ್ಕಳು ದಿನಾ ತಟ್ಟೆಯಲ್ಲಿ ಹೂ ತಂದು ಬಾಲ ಮರಿಯಳ (ಮಗುವಾಗಿದ್ದ ಮೇರಿ ಮಾತೆಯ) ಮೂರ್ತಿಗೆ ಹಾಕುತ್ತಾರೆ. ಅಂಗಡಿಯ ಸೇವಂತಿಗೆ ಮಾಲೆ ಬೇಡ. ದಾಸವಾಳ, ಗೊರಟೆ, ಬೇಲಿ ಬದಿಯ ಕಾಡುಹೂ ಯಾವುದಾದರೂ ಸರಿ, ತೊಟ್ಟು ಮುಳ್ಳು ತೆಗೆದು ಬಿಡಿಯಾಗಿ ಕೊಡಿ. ಮಳೆಯ ದಿನಗಳಾದ್ದರಿಂದ ಹಿಂದಿನ ರಾತ್ರಿ ಕೊಯ್ದು ಪ್ಲಾಸ್ಟಿಕ್ ಚೀಲದಲ್ಲಿಟ್ಟ ಹೂ ಬೆಳಗ್ಗೆಗೆ ಕೊಳೆತಿರುತ್ತದೆ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಉಳಿಯುತ್ತದೆ.

ಇನ್ನು ತೆನೆ. ಸಾಮಾನ್ಯವಾಗಿ ಹಬ್ಬದ ಪೂಜೆಯಲ್ಲಿ ಪಾದ್ರಿಗಳು ಆಶೀರ್ವದಿಸಿ ಮನೆಗಿಷ್ಟು ಎಂದು ಹಂಚುತ್ತಾರೆ. ಮಕ್ಕಳಿಗೆ ಕಬ್ಬಿನ ತುಂಡೂ ಸಿಗುತ್ತದೆ, ಅವರ ಮಟ್ಟಿಗೆ ಹಬ್ಬ ಅಲ್ಲಿಗೇ ಮುಗಿದಂತೆ. ಬೆಂಗಳೂರಿನಂಥ ಊರಲ್ಲಿ ನಿಮ್ಮ ಚರ್ಚಿನಲ್ಲಿ ತೆನೆ ಕೊಡುತ್ತಾರೋ ಇಲ್ಲವೋ ಎಂದು ಒಂದು ವಾರ ಮೊದಲೇ ವಿಚಾರಿಸಿ, ಇಲ್ಲವಾದರೆ ಊರಿನಿಂದ ತರಿಸಿ ಪೂಜೆಗೆ ಕೊಂಡೊಯ್ದು ಆಶೀರ್ವಾದ ಮಾಡಿಸಿಕೊಳ್ಳಿ. ಏಣೆಲು (ಮಳೆಗಾಲದ ಭತ್ತದ) ಬೆಳೆ ಸೆಪ್ಟೆಂಬರ್ ಮೊದಲ ವಾರಕ್ಕೆ ಎಲ್ಲ ಗದ್ದೆಯಲ್ಲೂ ಹಣ್ಣಾಗಿರುವುದಿಲ್ಲ. ತೆನೆ ಹಸಿರಾಗಿದ್ದರೆ ಕಾಳೊಂದನ್ನು ಉಗುರಿನಿಂದ ಒತ್ತಿ ನೋಡಿ. ಹಾಲು ಬಂದರೆ ಅದು ಸುಲಿಯಲು ಬರುವುದಿಲ್ಲ, ಹೊಟ್ಟಿನ ಜತೆಗೇ ಜಜ್ಜಿಹೋಗುತ್ತದೆ. ತುದಿ ಹಳದಿ ತಿರುಗಿ, ಕಾಳು ಹಲ್ಲಿಗೆ ಗಟ್ಟಿ ಸಿಗುವಂಥ ತೆನೆ ಆರಿಸಿ. ಒಂದು ತೆನೆಯಲ್ಲಿ ಸುಮಾರು ನೂರು ಕಾಳಿರುತ್ತದೆ. ಎರಡು ತೆನೆ ಸುಲಿದರೆ ಒಂದು ಚಹಾ ಚಮಚೆಯಷ್ಟು ಅಕ್ಕಿ, ಎಂಟು ಮಂದಿಯ ಮನೆಗೆ ಅಷ್ಟೇ ಬೇಕಾದದ್ದು. ಮಳೆಯಲ್ಲಿ ನೆನೆದ ತೆನೆಯನ್ನು ಕೊಡವಿ, ಪತ್ರಿಕೆಯ ಹಾಳೆಯ ಮೇಲೆ ಹರಡಿ ಎರಡು ಮೂರು ಗಂಟೆ ಫ್ಯಾನಿನಡಿ ಬಿಡಿ.

ಚರ್ಚಿನಿಂದ ಬಂದ ತೆನೆ ನೇರ ಅಡುಗೆಮನೆಗೆ ಹೋಗಬಾರದು. ಮೊದಲು ಆಲ್ತಾರಿನ ಮುಂದೆ, ಬಿಳಿ ಬಟ್ಟೆ ಹಾಸಿದ ತಟ್ಟೆಯಲ್ಲಿ ಇಡಿ. ಅಲ್ಲಿಂದ ಒಂದೆರಡು ತೆನೆ ಮಾತ್ರ ತೆಗೆದು ಮನೆಯ ಹಿರಿಯರು ಸುಲಿಯಲಿ. ಅಪ್ಪ ಊರಲ್ಲಿಲ್ಲದಿದ್ದರೆ ಅಮ್ಮ, ಅವರೂ ಇಲ್ಲದಿದ್ದರೆ ಇದ್ದವರಲ್ಲಿ ದೊಡ್ಡವರು. ಗಂಡಸರೇ ಸುಲಿಯಬೇಕೆಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. ಸುಲಿದ ಅಕ್ಕಿಯನ್ನು ಕುಟ್ಟಾಣಿಯಲ್ಲಿ ನುಣ್ಣಗೆ ಪುಡಿ ಮಾಡಿ. ಮಿಕ್ಸಿಗೆ ಇಷ್ಟು ಕಡಿಮೆ ಅಕ್ಕಿ ಸಿಕ್ಕುವುದೇ ಇಲ್ಲ, ಬ್ಲೇಡಿನ ಕೆಳಗೆ ಅಂಟಿ ಕೂರುತ್ತದೆ.

ಪುಡಿ ಬೆರೆಸುವ ಹಾಲನ್ನು ಎಂಟು ಸಣ್ಣ ಲೋಟಕ್ಕೆ ಹೀಗೆ ಮಾಡಿ. ಒಂದು ದೊಡ್ಡ ತೆಂಗಿನಕಾಯಿ ತುರಿದು, ಅರ್ಧ ಕಪ್ ಬಿಸಿನೀರು ಹಾಕಿ ಅರೆದು ದಪ್ಪ ಹಾಲು ತೆಗೆದು ಬೇರೆ ಇಡಿ. ಅದೇ ಹಿಂಡಿಗೆ ಎರಡು ಕಪ್ ನೀರು ಹಾಕಿ ಎರಡನೆಯ ಹಾಲು ತೆಗೆಯಿರಿ. ಎರಡನೆಯ ಹಾಲಿಗೆ 150 ಗ್ರಾಂ ಬೆಲ್ಲ, ಚಿಟಿಕೆ ಉಪ್ಪು, ಹೊಸ ಅಕ್ಕಿಯ ಪುಡಿ ಹಾಕಿ ಐದು ನಿಮಿಷ ಕುದಿಸಿ ಸೋಸಿ. ಬೆಲ್ಲದಲ್ಲಿ ಮರಳು ಇದ್ದೇ ಇರುತ್ತದೆ, ಆದರೆ ತೀರಾ ಸಣ್ಣ ಜರಡಿ ಹಿಡಿದರೆ ಅಕ್ಕಿಯೂ ಅದರಲ್ಲೇ ನಿಲ್ಲುತ್ತದೆ. ಇದೇ ಕಾರಣಕ್ಕೆ ಕೆಲವರು ಬೆಲ್ಲವನ್ನು ಮೊದಲೇ ಕರಗಿಸಿ ಸೋಸಿ, ಆಮೇಲೆ ಪುಡಿ ಹಾಕುತ್ತಾರೆ, ಅದೇ ಒಳ್ಳೆಯದು. ಒಲೆ ಆರಿಸಿ, ಎರಡು ನಿಮಿಷ ಬಿಟ್ಟು ದಪ್ಪ ಹಾಲು ಮತ್ತು ಮೂರು ಏಲಕ್ಕಿಯ ಪುಡಿ ಸೇರಿಸಿ. ದಪ್ಪ ಹಾಲನ್ನು ಕುದಿಸಿದರೆ ಒಡೆದು ಎಣ್ಣೆ ಮೇಲೆ ತೇಲುತ್ತದೆ. ಆಕಳ ಹಾಲು ಬಳಸುವವರು ಬೆಲ್ಲದ ಬದಲು ಸಕ್ಕರೆ ಹಾಕಿ, ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಬಹಳ ಸಲ ಒಡೆಯುತ್ತದೆ.

ಎಲ್ಲರೂ ಆಲ್ತಾರಿನ ಮುಂದೆ ಸೇರಿದ ಮೇಲೆ ಬೈಬಲ್ ಭಾಗ ಓದಿ, ಒಂದು ಜಪ ಹೇಳಿ, ತೀರಿಕೊಂಡವರನ್ನೂ ದೂರ ಇರುವವರನ್ನೂ ಹೆಸರು ಹಿಡಿದು ನೆನೆಯಿರಿ. ಹತ್ತು ನಿಮಿಷ ಸಾಕು. ಅನ್ನ ಆರುತ್ತಿದೆ ಎಂಬ ಗಡಿಬಿಡಿಯಲ್ಲಿ ಮಾಡುವ ಅರ್ಧ ಗಂಟೆಯ ಪ್ರಾರ್ಥನೆ ಯಾರ ತಲೆಗೂ ಹೋಗುವುದಿಲ್ಲ. ಆಮೇಲೆ ಹಿರಿಯರು ಲೋಟ ಕೊಡುತ್ತಾರೆ, ಕಿರಿಯರು ಕೈ ಮುಗಿದು ಬೆಸಾಂವ್ (ಆಶೀರ್ವಾದ) ಕೇಳುತ್ತಾರೆ. ಊಟಕ್ಕೆ ಕೂರುವುದು ಇದಾದ ಮೇಲೆಯೇ.

ಊಟ ಪೂರ್ತಿ ಶಾಕಾಹಾರಿ, ಪದಾರ್ಥಗಳ ಲೆಕ್ಕ ಬೆಸ: ಮೂರು, ಐದು, ಏಳು ಅಥವಾ ಒಂಬತ್ತು. ಸಣ್ಣ ಮನೆಗೆ ಐದು ಧಾರಾಳ. ಬೆಂಡೆ, ಹೀರೆ, ಸೌತೆ, ಹಾಗಲ ಯಾವುದೂ ಕಷ್ಟದ್ದಲ್ಲ. ಕೈಕೊಡುವುದು ಎರಡೇ, ಕಣಿಲೆ (ಎಳೆ ಬಿದಿರು) ಮತ್ತು ಕೆಸುವಿನ ದಂಟು. ಕಣಿಲೆಯನ್ನು ಸೆಪ್ಟೆಂಬರ್ 5ಕ್ಕೇ ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಬದಲಿಸಿ, ಹಬ್ಬದ ದಿನ ಕುದಿಸಿ ಆ ನೀರನ್ನೂ ಚೆಲ್ಲಿ. ಹಸಿ ಕಣಿಲೆಯಲ್ಲಿ ಸಯನೈಡ್ ಅಂಶ ಇರುತ್ತದೆ, ಹಾಗಾಗಿ ಇದು ಬರೀ ಕಹಿ ತೆಗೆಯುವ ಉಪಾಯವಲ್ಲ.

ಕೆಸುವಿನ ದಂಟು ಎಂಟು ಮಂದಿಗೆ ಒಂದು ಕಿಲೋ, ಜತೆಗೆ ಹತ್ತು ಅಂಬಟೆ. ಕೈಗೆ ಎಣ್ಣೆ ಸವರಿಕೊಂಡು ನಾರು ಎಳೆದು ತೆಗೆದು, ಬೆರಳುದ್ದ ಹೆಚ್ಚಿ. ದಂಟು ಒದ್ದೆ ಇದ್ದರೆ ಕೈ ಇನ್ನೂ ತುರಿಸುತ್ತದೆ. ನಿಂಬೆ ಗಾತ್ರದ ಹುಣಸೆಹಣ್ಣಿನ ರಸ, ಜಜ್ಜಿದ ಅಂಬಟೆ, ಉಪ್ಪು ಸೇರಿಸಿ ಇಪ್ಪತ್ತೈದು ನಿಮಿಷ ಬೇಯಿಸಿ, ನಂತರವೇ ಮಸಾಲೆ. ದಂಟಿನಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳು ಗಂಟಲು ಚುಚ್ಚುತ್ತವೆ, ಅದಕ್ಕೇ ಹುಳಿ ಮತ್ತು ಬೇಯುವ ಹೊತ್ತು ಎರಡೂ ಬೇಕು. ರುಚಿ ನೋಡುವಾಗ ನಾಲಿಗೆ ಕಡಿದರೆ ತೆಂಗು ಸುರಿದು ಮರೆಮಾಚಲು ಹೋಗಬೇಡಿ. ಇನ್ನಷ್ಟು ಹುಣಸೆರಸ ಹಾಕಿ ಹತ್ತು ನಿಮಿಷ ಕುದಿಸಿ.

ಸಿಹಿಗೆ ವೊರ್ನ್ (ಪಾಯಸ) ಮಾಡುವವರಿಗೆ ಒಂದೇ ಎಚ್ಚರಿಕೆ: ಹೆಸರುಬೇಳೆ ಬೆರಳಲ್ಲಿ ಹಿಸುಕುವಷ್ಟು ಬೆಂದ ಮೇಲೆಯೇ ಬೆಲ್ಲ. ಮೊದಲೇ ಹಾಕಿದರೆ ಬೇಳೆ ಮತ್ತೆ ಮೆತ್ತಗಾಗುವುದಿಲ್ಲ. ಬಾಳೆ ಎಲೆಯ ತುದಿ ಉಣ್ಣುವವರ ಎಡಕ್ಕೆ ಬರಲಿ.

ನೆರೆಯವರನ್ನು ಕರೆಯುವುದಾದರೆ ಊಟಕ್ಕೆ ಕರೆಯಿರಿ, ಪ್ರಾರ್ಥನೆಗೆ ಬರುವುದು ಅವರ ಇಷ್ಟಕ್ಕೆ ಬಿಡಿ. ಒಂದು ಊಟ ಮೀನು ಮಾಂಸವಿಲ್ಲದೆ ಇರುವುದರಿಂದ ಎಲ್ಲರೂ ನಿಶ್ಚಿಂತೆಯಿಂದ ಕೂರಬಹುದು, ಇದರ ಬೆಲೆ ನಮ್ಮವರಿಗೆ ಅಷ್ಟಾಗಿ ಗೊತ್ತಾದಂತಿಲ್ಲ. ಅವರ ಮನೆಯ ಚೌತಿ ಪ್ರಸಾದ ಬಂದಾಗ ಏನು ಮಾಡುವುದೆಂಬ ಗೊಂದಲ ಬೇರೆ. ಬೈಬಲಿನಲ್ಲಿ ಪೌಲ 1 ಕೊರಿಂಥ 10:25–29ರಲ್ಲಿ ಎರಡೂ ಕಡೆ ಹೇಳುತ್ತಾನೆ: ಮುಂದಿಟ್ಟದ್ದನ್ನು ಪ್ರಶ್ನಿಸದೆ ತಿನ್ನಿ, ಇದು ನೈವೇದ್ಯವೆಂದು ಯಾರಾದರೂ ತಿಳಿಸಿದರೆ ಅವರ ಮನಸ್ಸಾಕ್ಷಿಯ ದೆಸೆಯಿಂದ ಬಿಡಿ. ಇದನ್ನು ಓದಿ ಮನೆಮನೆಯವರು ಬೇರೆ ಬೇರೆ ತೀರ್ಮಾನಕ್ಕೆ ಬಂದಿದ್ದಾರೆ. ತಿನ್ನದವರೂ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳಲಿ, ಬಾಗಿಲಲ್ಲಿ ನಿಂತು ದೇವಶಾಸ್ತ್ರ ಹೇಳುವುದು ಬೇಡ. ಸಿಎಸ್ಐ (ಪ್ರಾಟೆಸ್ಟೆಂಟ್) ಸಭೆಯ ನೆಂಟರು ಬಂದರೆ ಅವರಿಗೂ ಇದು ಪೂರ್ತಿ ಹೊಸದಲ್ಲ. ಅವರ ಚರ್ಚಿನ ಬೆಳೆ ಹಬ್ಬದಲ್ಲಿ ಬಾಳೆಗೊನೆ, ತೆಂಗಿನಕಾಯಿ, ಕೋಳಿ ತಂದು ಒಪ್ಪಿಸಿ ಏಲಂ ಹಾಕುತ್ತಾರೆ, ಮೇರಿ ಮಾತೆಯ ಹಬ್ಬವೆಂಬ ಭಾಗ ಮಾತ್ರ ಅವರಲ್ಲಿಲ್ಲ.

ದುಬೈ, ಮುಂಬೈಯಲ್ಲಿರುವ ಮಕ್ಕಳಿಗೆ ತೆನೆಯನ್ನೇ ಕಳಿಸಬೇಡಿ, ಹಸಿ ಸಸ್ಯವನ್ನು ಹಲವು ದೇಶಗಳ ಕಸ್ಟಮ್ಸ್ ತಡೆಯುತ್ತದೆ, ದಾರಿಯಲ್ಲಿ ಬೂಸ್ಟೂ ಹಿಡಿಯುತ್ತದೆ. ಸುಲಿದ ಅಕ್ಕಿಯನ್ನು ಬಾಣಲೆಯಲ್ಲಿ ಬೆಚ್ಚಗೆ ಹುರಿದು ಪುಡಿ ಮಾಡಿ, ಅರ್ಧ ಚಮಚೆಯಷ್ಟನ್ನು ಸಣ್ಣ ಪೊಟ್ಟಣದಲ್ಲಿ ಕಟ್ಟಿ ಕಳಿಸಿ. ಅಲ್ಲಿ ಅದನ್ನು ಹಾಲಿಗೆ ಬೆರೆಸಿ ಕುಡಿದರಾಯಿತು. ಉಳಿದ ತೆನೆ ಆಲ್ತಾರಿನ ಬಳಿ ಮುಂದಿನ ಹಬ್ಬದವರೆಗೆ ಇರಲಿ, ಆದರೆ ಅದು ಮನೆ ಕಾಯುವ ತಾಯಿತವಲ್ಲ ಎಂದು ಮಕ್ಕಳಿಗೆ ಹೇಳಿ. ಕಳೆದ ವರ್ಷದ ತೆನೆಯನ್ನು ಕಸದ ಬುಟ್ಟಿಗೆ ಹಾಕಬಾರದು. ಆಶೀರ್ವದಿಸಿದ ವಸ್ತುವಾದ್ದರಿಂದ ಸುಟ್ಟು ಬೂದಿಯನ್ನು ಗಿಡದ ಬುಡಕ್ಕೆ ಹಾಕಿ, ಇಲ್ಲವೇ ಹಾಗೆಯೇ ಮಣ್ಣಲ್ಲಿ ಹೂಳಿ.