ಹಳೇ ಎಚ್‌ಎಂಟಿಯ ಭಾಗ ಸವೆದರೆ: ಏನು ಬದಲಿಸಬೇಕು, ಏನು ಮುಟ್ಟಬಾರದು

ಎಚ್‌ಎಂಟಿ ಜನತಾ ವಾಚು ನಿಂತುಹೋಗಿದೆ, ಸ್ಪೇರ್ ಎಲ್ಲಿ ಸಿಗುತ್ತದೆ ಎಂದು ಕೇಳುವುದಕ್ಕೆ ಮುಂಚೆ, ಅದು ನಿಜಕ್ಕೂ ಸವೆದಿದೆಯೋ ಬರೀ ಕೊಳೆಯೋ ನೋಡಬೇಕು. ಇಪ್ಪತ್ತು ವರ್ಷ ಡ್ರಾಯರಿನಲ್ಲಿ ಮಲಗಿದ ವಾಚಿನೊಳಗೆ ಎಣ್ಣೆ ಒಣಗಿ ಅಂಟಾಗಿರುತ್ತದೆ. ಅಂಥದ್ದನ್ನು ಪೂರ್ತಿ ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಿದರೆ ಎಷ್ಟೋ ಸಲ ಒಂದೂ ಭಾಗ ಬದಲಿಸದೆ ನಡೆಯುತ್ತದೆ. ಆದ್ದರಿಂದ ಮೊದಲು ಸರ್ವಿಸ್, ಆಮೇಲೆ ಸ್ಪೇರ್.

ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಜೊತೆಗೂಡಿ 1961ರಲ್ಲಿ ಶುರುವಾದ ಎಚ್‌ಎಂಟಿ ವಾಚ್ ಘಟಕಗಳನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಈಗ ಉಳಿದಿರುವುದು ಹಳೇ ಸ್ಟಾಕು ಮತ್ತು ಕೆಟ್ಟ ವಾಚುಗಳಿಂದ ಬಿಚ್ಚಿದ ಭಾಗ. ಜನತಾ, ಪೈಲಟ್‌ಗಳಲ್ಲಿರುವ 0231 ಮಷೀನು (17 ಜ್ಯುವೆಲ್ ಅಂದರೆ ಸವೆತ ತಡೆಯುವ ಕಲ್ಲುಗಳು, ಗಂಟೆಗೆ 18,000 ಬಡಿತ) ಲಕ್ಷಗಟ್ಟಲೆ ತಯಾರಾಗಿರುವುದು ನಮ್ಮ ಅದೃಷ್ಟ. ಗಾಜು ಒಡೆದ, ಡಯಲ್ ಹಾಳಾದ ಒಂದು ವಾಚನ್ನು ಇಡಿಯಾಗಿ ಕೊಳ್ಳುವುದು ಬಿಡಿಭಾಗ ಹುಡುಕುವುದಕ್ಕಿಂತ ಸುಲಭ. ಕೊಳ್ಳುವಾಗ ಮಷೀನಿನ ನಂಬರ್ ಒಂದೇ ಇದೆಯೇ ನೋಡಿ. ಡಯಲ್ ಮೇಲಿನ ಹೆಸರನ್ನು ನಂಬಬೇಡಿ, ಅದನ್ನು ಯಾರು ಬೇಕಾದರೂ ಬದಲಿಸಿರಬಹುದು.

ಬಿಚ್ಚುವ ಮುಂಚೆ, ವಾಚನ್ನು ನಡೆಸುವ ಮೇನ್‌ಸ್ಪ್ರಿಂಗಿನ ಬಿಗಿ ಇಳಿಸಿ. ಕ್ರೌನನ್ನು (ಕೀ ಕೊಡುವ ಗುಂಡಿ) ಬೆರಳಲ್ಲಿ ಹಿಡಿದು, ಕ್ಲಿಕ್ಕನ್ನು (ಸ್ಪ್ರಿಂಗ್ ಬಿಚ್ಚಿಕೊಳ್ಳದಂತೆ ತಡೆಯುವ ಕೊಕ್ಕೆ) ಪಿನ್ನಿನಿಂದ ಸರಿಸಿ, ಕ್ರೌನ್ ನಿಧಾನಕ್ಕೆ ಹಿಂದಕ್ಕೆ ತಿರುಗಲು ಬಿಡಿ. ಇದನ್ನು ಮರೆತು ಬ್ರಿಡ್ಜ್ (ಚಕ್ರಗಳನ್ನು ಮೇಲಿನಿಂದ ಹಿಡಿದಿರುವ ತಗಡು) ಎತ್ತಿದರೆ ಚಕ್ರದ ಹಲ್ಲುಗಳೋ ಪಿವಟ್ಟುಗಳೋ (ಅಚ್ಚಿನ ಸಣ್ಣ ತುದಿಗಳು) ಒಂದೇ ಕ್ಷಣದಲ್ಲಿ ಹೋಗುತ್ತವೆ. ಯಾವುದೇ ಸ್ಕ್ರೂ ಬಿಡದಿದ್ದರೆ ಬಲ ಹಾಕಬೇಡಿ. ಕ್ರೌನ್ ವೀಲ್ ಸ್ಕ್ರೂ ಹಲವು ಮಷೀನುಗಳಲ್ಲಿ ಎಡಮರೆಯದು, ಉಲ್ಟಾ ತಿರುಗಿಸಿ ನೋಡಿ.

ಮೇನ್‌ಸ್ಪ್ರಿಂಗ್ ಖಂಡಿತ ಬದಲಿಸಬೇಕಾದದ್ದು. ಹಳೇ ಉಕ್ಕಿನ ಸ್ಪ್ರಿಂಗನ್ನು ಅದು ಕೂರುವ ಡಬ್ಬಿ, ಅಂದರೆ ಬ್ಯಾರೆಲ್ಲಿನಿಂದ ತೆಗೆದು ಮೇಜಿನ ಮೇಲಿಟ್ಟರೆ ಅದು ಹೊರಳಿ ಅಗಲವಾಗಿ ಬಿಚ್ಚಿಕೊಳ್ಳಬೇಕು. ಸುರುಳಿಯಾಗೇ ಮುದುಡಿ ಕೂತರೆ ಅದರ ಜೀವ ಮುಗಿಯಿತು. ಹೊಸದನ್ನು ತರಲು ನಾಲ್ಕು ಅಳತೆ ಬೇಕು: ಪಟ್ಟಿಯ ಎತ್ತರ, ದಪ್ಪ, ಉದ್ದ, ಬ್ಯಾರೆಲ್ಲಿನ ಒಳವ್ಯಾಸ. ಇದರಲ್ಲಿ ದಪ್ಪವನ್ನು ಮೈಕ್ರೋಮೀಟರಿನಲ್ಲೇ ಅಳೆಯಿರಿ. ಸ್ಪ್ರಿಂಗಿನ ಬಲ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ, 0.10 ಮಿಮೀ ಜಾಗದಲ್ಲಿ 0.11 ಹಾಕಿದರೆ ಬಲ ಸುಮಾರು ಮೂರನೇ ಒಂದರಷ್ಟು ಹೆಚ್ಚಾಗುತ್ತದೆ. ಆಗ ಬ್ಯಾಲೆನ್ಸ್ (ಹಿಂದೆ ಮುಂದೆ ತೂಗುವ ಚಕ್ರ) ಅತಿಯಾಗಿ ತೂಗಿ, ಅದರ ಮೇಲಿನ ಇಂಪಲ್ಸ್ ಪಿನ್ ಎಂಬ ಸಣ್ಣ ಕಡ್ಡಿ ಅದನ್ನು ತಳ್ಳುವ ಫೋರ್ಕಿನ (ಪ್ಯಾಲೆಟ್ ಫೋರ್ಕ್ ಎಂಬ ಕವಲು) ಹೊರಬದಿಗೆ ಬಡಿದು, ವಾಚು ನಾಗಾಲೋಟಕ್ಕೆ ಬೀಳುತ್ತದೆ, ದಿನಕ್ಕೆ ಎಷ್ಟೋ ನಿಮಿಷ ಮುಂದೆ. ಉದ್ದ ತೀರ ಹೆಚ್ಚಾದರೂ ಲಾಭವಿಲ್ಲ: ಆರ್ಬರ್ (ನಡುವಿನ ಅಚ್ಚು) ಬಿಟ್ಟು ಬ್ಯಾರೆಲ್ಲಿನೊಳಗೆ ಉಳಿಯುವ ಜಾಗದಲ್ಲಿ ಅರ್ಧ ಸ್ಪ್ರಿಂಗಿಗೆ, ಅರ್ಧ ಖಾಲಿ ಇದ್ದಾಗಲೇ ಸುತ್ತು ಅತಿ ಹೆಚ್ಚು ಸಿಗುತ್ತದೆ. ಹೊಸ ಸ್ಪ್ರಿಂಗು ಉಂಗುರದೊಳಗೆ ಸುತ್ತಿಕೊಂಡೇ ಬರುತ್ತದೆ. ಸುತ್ತಿನ ದಿಕ್ಕು ಹಳೆಯದಕ್ಕೆ ಹೊಂದುತ್ತದೆಯೇ ನೋಡಿ, ಬ್ಯಾರೆಲ್ ಮೇಲಿಟ್ಟು ಒತ್ತಿದರೆ ಒಳಗಿಳಿಯುತ್ತದೆ. ಬೆರಳಿನಿಂದ ಸುತ್ತಿ ತುರುಕಿದರೆ ಪಟ್ಟಿ ತಿರುಚಿಕೊಂಡು ಬ್ಯಾರೆಲ್ಲಿನ ಮುಚ್ಚಳಕ್ಕೆ ಉಜ್ಜುತ್ತದೆ.

ಬ್ಯಾರೆಲ್ ಕೈಯಲ್ಲಿರುವಾಗಲೇ ಆರ್ಬರ್ ಕೂರುವ ತೂತುಗಳನ್ನೂ ಲೂಪಿನಲ್ಲಿ (ಕಣ್ಣಿಗಿಡುವ ಭೂತಗನ್ನಡಿ) ನೋಡಿ. ಅಲ್ಲಿ ಜ್ಯುವೆಲ್ ಇಲ್ಲ, ಬರೀ ಹಿತ್ತಾಳೆ. ದುಂಡಗಿದ್ದದ್ದು ಮೊಟ್ಟೆಯಾಕಾರವಾಗಿದ್ದರೆ ಬ್ಯಾರೆಲ್ ವಾಲಿ ಬ್ರಿಡ್ಜಿಗೆ ಉಜ್ಜುತ್ತಿರುತ್ತದೆ. ಬ್ರಿಡ್ಜಿನ ಒಳಮೈಯಲ್ಲಿ ಹೊಳೆಯುವ ಗೀರು ಅದರ ಸಾಕ್ಷಿ. ಪಂಚಿನಿಂದ ತೂತಿನ ಅಂಚು ಬಡಿದು ಕಿರಿದು ಮಾಡುವುದು ಹಳೇ ಅಭ್ಯಾಸ, ಆದರೆ ಕೆಟ್ಟ ಅಭ್ಯಾಸ. ಆರು ತಿಂಗಳು ನಡೆದಂತೆ ಕಂಡು ಮತ್ತೆ ಸಡಿಲವಾಗುತ್ತದೆ, ಬ್ರಿಡ್ಜಿನ ಮೇಲೆ ಮಾತ್ರ ಗಾಯ ಉಳಿಯುತ್ತದೆ. ಸರಿಯಾದ ದಾರಿ ಬುಶ್ (ತೂತಿನೊಳಗೆ ಕೂರುವ ಸಣ್ಣ ಬಳೆ) ಹಾಕುವುದು: ಮೂಲ ಕೇಂದ್ರ ತಪ್ಪದಂತೆ ತೂತನ್ನು ಅಗಲಿಸಿ, ಕಂಚಿನ ಬುಶ್ ಒತ್ತಿ ಕೂರಿಸಿ, ಆರ್ಬರ್ ಸರಾಗ ತಿರುಗುವಷ್ಟೇ ಅದರ ಒಳಮೈ ಕೆರೆದು ಅಗಲಿಸಿ (ರೀಮ್ ಮಾಡಿ). ಎಚ್‌ಎಂಟಿಯಲ್ಲಾದರೆ ಇದಕ್ಕಿಂತ ಸುಲಭದ ದಾರಿ ದಾನಿ ವಾಚಿನ (ಭಾಗಕ್ಕಾಗಿಯೇ ಕೊಂಡ ಕೆಟ್ಟ ವಾಚು) ಬ್ರಿಡ್ಜ್.

ಬ್ಯಾಲೆನ್ಸ್ ಸ್ಟಾಫ್ (ಬ್ಯಾಲೆನ್ಸ್ ಚಕ್ರದ ಅಚ್ಚು) ವಿಚಾರಕ್ಕೆ ತಾಳ್ಮೆ ಬೇಕು. ಅದರ ಪಿವಟ್ ಸುಮಾರು 0.10 ಮಿಮೀ, ಅಂದರೆ ಒಂದು ಕೂದಲಿನಷ್ಟು. ಡಯಲ್ ಮೇಲಾಗಿಟ್ಟಾಗ ಚೆನ್ನಾಗಿ ತೂಗುವ ಬ್ಯಾಲೆನ್ಸು ಡಯಲ್ ಕೆಳಗಾದಾಗ ಸೋತರೆ, ಜ್ಯುವೆಲ್ ಶುಚಿಯಾಗಿದ್ದೂ ಹಾಗಾದರೆ, ಒಂದು ಪಿವಟ್ಟಿನ ತುದಿ ಚಪ್ಪಟೆಯಾಗಿದೆ ಅಥವಾ ಗೀರಿದೆ ಎಂದು ಅನುಮಾನಿಸಿ. ಸ್ಟಾಫನ್ನು ಚಕ್ರಕ್ಕೆ ರಿವೆಟ್ ಮಾಡಿರುತ್ತಾರೆ. ಅದನ್ನು ಹಾಗೇ ಬಡಿದು ಹೊರಹಾಕಿದರೆ ಚಕ್ರದ ತೂತು ಹಿಗ್ಗುತ್ತದೆ, ಹೊಸ ಸ್ಟಾಫು ಎಂದೂ ನೆಟ್ಟಗೆ ಕೂರುವುದಿಲ್ಲ. ಲೇಥಿನಲ್ಲಿ ರಿವೆಟ್ ಕಡಿದು ತೆಗೆಯಬೇಕು, ಹೊಸದನ್ನು ಸ್ಟೇಕಿಂಗ್ ಸೆಟ್ಟಿನಲ್ಲಿ (ಪಂಚು ನೆಟ್ಟಗೆ ಹಿಡಿಯುವ ಸಾಧನ) ರಿವೆಟ್ ಮಾಡಬೇಕು, ಚಕ್ರ ಓಲಾಡದಂತೆ ನೆಟ್ಟಗೆ ಮಾಡಿ ತೂಕ ಸಮ ಮಾಡಬೇಕು. ಲೇಥ್ ಇಲ್ಲದವರು ಇದಕ್ಕೆ ಕೈ ಹಾಕದಿರುವುದೇ ಲೇಸು. ದಾನಿ ವಾಚಿನಿಂದ ಪೂರ್ತಿ ಬ್ಯಾಲೆನ್ಸ್ ತೆಗೆದು ಹಾಕಿ. ಪೂರ್ತಿ ಅಂದರೆ ಅದನ್ನು ಹಿಂದೆ ಮುಂದೆ ತೂಗಿಸುವ ಸಣ್ಣ ಸುರುಳಿ, ಅದರದೇ ಹೇರ್‌ಸ್ಪ್ರಿಂಗಿನ ಸಮೇತ. ಚಕ್ರ ಮತ್ತು ಹೇರ್‌ಸ್ಪ್ರಿಂಗನ್ನು ಜೋಡಿಯಾಗಿ ಹೊಂದಿಸಿರುತ್ತಾರೆ. ಒಂದರ ಚಕ್ರಕ್ಕೆ ಇನ್ನೊಂದರ ಸ್ಪ್ರಿಂಗ್ ಸೇರಿಸಿದರೆ ರೆಗ್ಯುಲೇಟರನ್ನು (ವೇಗ ಹೊಂದಿಸುವ ಕಡ್ಡಿ) ಕೊನೆಯವರೆಗೆ ತಳ್ಳಿದರೂ ಸಮಯ ಹಿಡಿತಕ್ಕೆ ಬರದೇ ಇರಬಹುದು.

ಕೀ ಕೊಡುವಾಗ ಕರಕರ ಶಬ್ದ ಮಾಡಿ ಜಾರಿದರೆ ಕ್ರೌನಿನ ಕಡ್ಡಿಯ ಮೇಲಿರುವ ಎರಡು ಚಕ್ರಗಳಾದ ವೈಂಡಿಂಗ್ ಪಿನಿಯನ್ ಮತ್ತು ಕ್ಲಚ್ ವೀಲಿನ ಎದುರುಬದುರು ಹಲ್ಲುಗಳು ಮೊಂಡಾಗಿವೆ. ಎರಡನ್ನೂ ಜೊತೆಗೇ ಬದಲಿಸಿ, ಒಂದನ್ನು ಮಾತ್ರ ಬದಲಿಸಿದರೆ ಹಳೆಯದು ಹೊಸದನ್ನು ತಿನ್ನುತ್ತದೆ. ಬೆವರಿನಿಂದ ತುಕ್ಕು ಹಿಡಿದ ಸ್ಟೆಮ್ಮನ್ನು (ಕ್ರೌನಿನ ಕಡ್ಡಿ) ತೆಗೆಯುವಾಗ ಅದನ್ನು ಹಿಡಿದಿರುವ ಸೆಟ್ಟಿಂಗ್ ಲಿವರ್ ಸ್ಕ್ರೂವನ್ನು ಒಂದೆರಡು ಸುತ್ತು ಮಾತ್ರ ಸಡಿಲಿಸಿ. ಪೂರ್ತಿ ಬಿಚ್ಚಿದರೆ ಲಿವರ್ ಡಯಲ್ ಕೆಳಗೆ ಜಾರುತ್ತದೆ, ಮುಳ್ಳು, ಡಯಲ್ ಎಲ್ಲ ಕಳಚಬೇಕಾಗುತ್ತದೆ. ಹೊಸ ಸ್ಟೆಮ್ ಉದ್ದವಾಗಿಯೇ ಬರುತ್ತದೆ. ಕ್ರೌನ್ ಹಾಕಿ ಒಳಗೆ ತಳ್ಳಿ, ಕ್ರೌನಿಗೂ ಕೇಸಿಗೂ ನಡುವಿನ ಸಂದು ಅಳೆದು, ಅದಕ್ಕಿಂತ ತುಸು ಕಡಿಮೆ ಕತ್ತರಿಸಿ, ಉಳಿದದ್ದನ್ನು ಅರದಿಂದ ತಿಕ್ಕುತ್ತ ಮತ್ತೆ ಮತ್ತೆ ಹಾಕಿ ನೋಡಿ. ಗಿಡ್ಡವಾದರೆ ಇನ್ನೊಂದು ಸ್ಟೆಮ್ ಕೊಳ್ಳುವುದೇ ಗತಿ.

ವಾಚು ಟಿಕ್ ಟಿಕ್ ಅನ್ನುತ್ತಿದ್ದೂ ಮುಳ್ಳು ಹಿಂದೆ ಬೀಳುತ್ತಿದ್ದರೆ ಕ್ಯಾನನ್ ಪಿನಿಯನ್ (ನಿಮಿಷದ ಮುಳ್ಳು ಕೂರುವ ಕೊಳವೆ) ಸಡಿಲ. ಇದಕ್ಕೆ ಸ್ಪೇರ್ ಬೇಡ. ತೂತಿನೊಳಗೆ ಹೊಂದುವ ನುಣುಪು ಬ್ರೋಚ್ (ಉಕ್ಕಿನ ಸಣ್ಣ ಕಡ್ಡಿ) ಇಟ್ಟು, ಹಳೇ ಕಚ್ಚು ಇರುವಲ್ಲೇ ಹಗುರವಾಗಿ ಒತ್ತಿ. ಒಳಗೆ ಆಸರೆ ಇಲ್ಲದೆ ಒತ್ತಿದರೆ ಕೊಳವೆಯೇ ಚಪ್ಪಟೆಯಾಗುತ್ತದೆ.

ಅಕ್ರಿಲಿಕ್ ಗಾಜು ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ, ಬರೀ ಗೀರಾದರೆ ಪಾಲಿಶ್ ಸಾಕು. ಡಯಲ್ಲಿಗೆ ಮಾತ್ರ ಬಣ್ಣ ಹೊಡೆಸಬೇಡಿ. ಹಳದಿ, ಕೆಂಪು ಡಯಲ್ಲಿನ ಹೊಳೆಹೊಳೆಯುವ ‘ಮುಂಬೈ ಸ್ಪೆಷಲ್’ಗಳು ಹುಟ್ಟಿದ್ದು ಹೀಗೇ, ಸಂಗ್ರಹಕಾರರು ಅದಕ್ಕೆ ಬೆಲೆ ಕೊಡುವುದಿಲ್ಲ. 1960ಕ್ಕಿಂತ ಹಿಂದಿನ ವಿದೇಶಿ ವಾಚುಗಳ ಮುಳ್ಳು, ಅಂಕಿಗಳ ಮೇಲೆ ರೇಡಿಯಂ ಇರಬಹುದು. ಕತ್ತಲಲ್ಲಿ ಹೊಳೆಯದಿದ್ದರೂ ವಿಕಿರಣ ಹೋಗಿರುವುದಿಲ್ಲ. ಅದನ್ನು ಕೆರೆಯಲೇ ಬೇಡಿ.

ಜೋಡಿಸುವಾಗ ಎಣ್ಣೆ ಕಡಿಮೆ ಇರಲಿ. ಜ್ಯುವೆಲ್ಲಿನ ಎಣ್ಣೆ ಬಟ್ಟಲು ಅರ್ಧದಿಂದ ಮೂರನೇ ಎರಡರಷ್ಟು ತುಂಬಿದರೆ ಸಾಕು. ಬ್ಯಾಲೆನ್ಸಿಗೆ ಮೋಬಿಯಸ್ ಕಂಪನಿಯ 9010, ಪ್ಯಾಲೆಟ್ ಕಲ್ಲಿಗೆ (ಫೋರ್ಕಿನ ತುದಿಯ ಕಲ್ಲು) 9415, ನಿಧಾನ ತಿರುಗುವ ದಪ್ಪ ಪಿವಟ್ಟಿಗೆ ಎಚ್‌ಪಿ 1300. ಪ್ಯಾಲೆಟ್ ಫೋರ್ಕಿನ ಪಿವಟ್ಟಿಗೆ ಎಣ್ಣೆ ಹಾಕುವುದಿಲ್ಲ. ಫೋರ್ಕನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಲೂ ಬಾರದು, ಕಲ್ಲು ಹಿಡಿದಿರುವ ಅರಗು ಕರಗುತ್ತದೆ.

ಪೂರ್ತಿ ಕೀ ಕೊಟ್ಟು, ಬಡಿತ ಆಲಿಸಿ ಅಳೆಯುವ ಯಂತ್ರವಾದ ಟೈಮ್‌ಗ್ರಾಫರ್ ಮೇಲಿಡಿ. ಮಲಗಿಸಿದಾಗ ತೂಗುವ ಕೋನ 270 ಡಿಗ್ರಿ ಆಸುಪಾಸು, ಬೀಟ್ ಎರರ್ (ಟಿಕ್, ಟಾಕ್‌ಗಳ ನಡುವಿನ ಅಂತರದ ವ್ಯತ್ಯಾಸ) 1 ಮಿಲಿಸೆಕೆಂಡಿನೊಳಗೆ ಬಂದರೆ ಹಳೇ ವಾಚಿಗೆ ಚೆನ್ನಾಗಿದೆ. 24 ಗಂಟೆ ಬಿಟ್ಟು ಮತ್ತೆ ನೋಡಿ. ಆಗಲೂ ಮಲಗಿದಾಗ ಸರಿಯಾಗಿದ್ದು ನೆಟ್ಟಗೆ ನಿಲ್ಲಿಸಿದಾಗ ಆ ಕೋನ 200 ಡಿಗ್ರಿಗಿಂತ ಕೆಳಗಿಳಿದರೆ, ಮತ್ತೆ ಬಿಚ್ಚಿ ಬ್ಯಾಲೆನ್ಸ್ ಪಿವಟ್ಟಿನಿಂದಲೇ ಹುಡುಕಲು ಶುರುಮಾಡಿ.