ಟೈಪ್ ಮಾಡಿದ ಸಾಲನ್ನು ಸಂಖ್ಯೆಗಳ ಲಿಸ್ಟ್ ಮಾಡಿಕೊಂಡ ಬಗೆ: ನನ್ನ ಅನುಭವ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯಲು ತೊಡಗಿದ ಹೊಸತರಲ್ಲಿ ನಾನು ಬರೆದ ಪ್ರೋಗ್ರಾಂನ ಕೆಲಸ ಸರಳವಾಗಿತ್ತು: ಬಳಕೆದಾರರು ಒಂದೇ ಸಾಲಿನಲ್ಲಿ ಟೈಪ್ ಮಾಡಿದ ಅಂಕಗಳನ್ನು ಪಡೆದು, ಅವುಗಳ ಮೊತ್ತವನ್ನೂ ಅತಿ ಹೆಚ್ಚಿನ ಅಂಕವನ್ನೂ ತೋರಿಸುವುದು. ಲೆಕ್ಕದ ಭಾಗ ಬೇಗ ಮುಗಿಯಿತು. ಹೆಚ್ಚಿನ ಯೋಚನೆಯನ್ನು ಬೇಡಿದ್ದು ಟೈಪ್ ಮಾಡಿದ ಸಾಲನ್ನು ಸಂಖ್ಯೆಗಳ ಲಿಸ್ಟ್ ಆಗಿ ಪರಿವರ್ತಿಸುವ ಭಾಗ.

ಪೈಥಾನ್ 3ರಲ್ಲಿ ಇನ್‌ಪುಟ್ ಫಂಕ್ಷನ್ ಏನನ್ನು ಓದಿದರೂ ಸ್ಟ್ರಿಂಗ್ ಆಗಿಯೇ, ಅಂದರೆ ಬರಿಯ ಅಕ್ಷರಗಳ ಸರಣಿಯಾಗಿಯೇ, ಕೊಡುತ್ತದೆ. ಪೈಥಾನ್ 2ರಲ್ಲಿ ಇದೇ ಹೆಸರಿನ ಫಂಕ್ಷನ್ ಟೈಪ್ ಮಾಡಿದ್ದನ್ನು ಕೋಡ್ ಎಂದೇ ಪರಿಗಣಿಸಿ ಅದರ ಬೆಲೆಯನ್ನು ಕೊಡುತ್ತಿತ್ತು. 2008ರಲ್ಲಿ ಬಂದ 3ನೇ ಆವೃತ್ತಿಯಲ್ಲಿ ಆ ನಡವಳಿಕೆ ಬದಲಾಯಿತು. ಸ್ಟ್ರಿಂಗ್‌ಗಳನ್ನು ಅಕ್ಷರಕ್ಕೆ ಅಕ್ಷರವಿಟ್ಟು ಹೋಲಿಸಲಾಗುವುದರಿಂದ, ಪರಿವರ್ತಿಸದೆ ಬಿಟ್ಟರೆ "85"ಕ್ಕಿಂತ "9" ದೊಡ್ಡದೆಂಬ ಉತ್ತರ ಬರುತ್ತದೆ. ಯಾವ ಎರರ್ ಕೂಡ ತೋರದೆ ತಪ್ಪು ಉತ್ತರ ಬರುವುದರಿಂದಲೇ ಇದು ಅಪಾಯಕಾರಿ.

ಸಾಲನ್ನು ನೇರವಾಗಿ ಲಿಸ್ಟ್ ಫಂಕ್ಷನ್‌ಗೆ ಕೊಟ್ಟರೆ "12 7" ಎಂಬುದು ಒಂದು, ಎರಡು, ಖಾಲಿ ಜಾಗ, ಏಳು ಎಂದು ನಾಲ್ಕು ಬಿಡಿ ಅಕ್ಷರಗಳಾಗುತ್ತದೆ. ಇಲ್ಲಿ ಬೇಕಾದದ್ದು ಸಾಲನ್ನು ತುಣುಕುಗಳಾಗಿ ಒಡೆಯುವ ಸ್ಪ್ಲಿಟ್ ಮೆಥಡ್. ಆವರಣದೊಳಗೆ ಏನನ್ನೂ ಕೊಡದೆ ಅದನ್ನು ಕರೆದರೆ, ಎರಡು ಸಂಖ್ಯೆಗಳ ನಡುವೆ ಎಷ್ಟು ಸ್ಪೇಸ್ ಇದ್ದರೂ ಒಂದೇ ಅಂತರವೆಂದು ಎಣಿಸುತ್ತದೆ. ಸಾಲಿನ ಆದಿ, ಅಂತ್ಯಗಳಲ್ಲಿರುವ ಸ್ಪೇಸ್‌ಗಳನ್ನೂ ಕೈಬಿಡುತ್ತದೆ. ಆದರೆ ಒಂದು ಸ್ಪೇಸ್ ಅಥವಾ ಅಲ್ಪವಿರಾಮವನ್ನು ಸ್ಪಷ್ಟವಾಗಿ ಸೂಚಿಸಿದರೆ, ಅಂತಹ ಎರಡು ಚಿಹ್ನೆಗಳು ಒಟ್ಟಿಗೆ ಬಂದ ಕಡೆಯಲ್ಲೆಲ್ಲ ಖಾಲಿ ಸ್ಟ್ರಿಂಗ್ ಹುಟ್ಟುತ್ತದೆ, ಅದನ್ನು ಸ್ಟ್ರಿಂಗನ್ನು ಪೂರ್ಣಾಂಕವಾಗಿಸುವ ಇಂಟ್ ಫಂಕ್ಷನ್ ಒಪ್ಪುವುದಿಲ್ಲ. ಆದ್ದರಿಂದ ನಾನು ರಿಪ್ಲೇಸ್ ಮೆಥಡ್‌ನಿಂದ ಅಲ್ಪವಿರಾಮಗಳನ್ನೆಲ್ಲ ಸ್ಪೇಸ್ ಮಾಡಿ, ಅನಂತರ ಬರಿದಾದ ಸ್ಪ್ಲಿಟ್ ಬಳಸಿದೆ. ಸಾವಿರದ ಗುರುತಾಗಿ ಅಲ್ಪವಿರಾಮ ಹಾಕುವ ಲೆಕ್ಕಗಳಿಗೆ ಈ ಉಪಾಯ ಹೊಂದುವುದಿಲ್ಲ, ಏಕೆಂದರೆ 1,200 ಎಂಬುದು ಸದ್ದಿಲ್ಲದೆ 1 ಮತ್ತು 200 ಆಗಿಬಿಡುತ್ತದೆ. ಅಂಕಗಳಲ್ಲಿ ಆ ಭಯವಿರಲಿಲ್ಲ.

ಬಿಡಿ ತುಣುಕುಗಳನ್ನು ಸಂಖ್ಯೆಯಾಗಿಸಲು ಹಲವರು ಪ್ರತಿ ತುಣುಕಿಗೂ ಒಂದೇ ಫಂಕ್ಷನ್ ಅನ್ವಯಿಸುವ ಮ್ಯಾಪ್ ಬಳಸುತ್ತಾರೆ. ಪೈಥಾನ್ 3ರಲ್ಲಿ ಮ್ಯಾಪ್ ಕೊಡುವುದು ಲಿಸ್ಟ್ ಅಲ್ಲ, ಒಮ್ಮೆ ಮಾತ್ರ ಓದಬಹುದಾದ ಇಟರೇಟರ್. ಮೊತ್ತ ಕಂಡುಕೊಂಡ ಮೇಲೆ ಅದರಲ್ಲೇ ಗರಿಷ್ಠವನ್ನು ಹುಡುಕಿದರೆ ಏನೂ ಉಳಿದಿರುವುದಿಲ್ಲ. ಅದನ್ನು ಲಿಸ್ಟ್ ಫಂಕ್ಷನ್‌ನೊಳಗೆ ಹಾಕಿದರೆ ಈ ತೊಡಕು ನೀಗುತ್ತದೆ. ಆದರೂ ನಾನು ಸಾಧಾರಣ ಫಾರ್ ಲೂಪನ್ನೇ ಆರಿಸಿಕೊಂಡೆ. ಕೋಡ್ ಉದ್ದವಾದರೂ, ಲೂಪಿನೊಳಗೆ ಎರರ್ ಬಂದಾಗ ಅದನ್ನು ಹಿಡಿದು ನಿಭಾಯಿಸುವ ಟ್ರೈ ಮತ್ತು ಎಕ್ಸೆಪ್ಟ್ ಇಟ್ಟರೆ ಯಾವ ತುಣುಕಿನಲ್ಲಿ ತೊಂದರೆ ಇದೆಯೆಂದು ಹೇಳಲು ಸಾಧ್ಯವಾಗುತ್ತದೆ. ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರ ಒತ್ತಿದವರಿಗೆ, "ಮೂರನೆಯದು ಸಂಖ್ಯೆಯಲ್ಲ, ದಯವಿಟ್ಟು ಮತ್ತೆ ಟೈಪ್ ಮಾಡಿ" ಎಂಬ ಮಾತು, ಹೊಂದದ ಬೆಲೆ ಸಿಕ್ಕಾಗ ಪೈಥಾನ್ ಕೊಡುವ ವ್ಯಾಲ್ಯೂ ಎರರ್‌ನ ಉದ್ದನೆಯ ವರದಿಗಿಂತ ಎಷ್ಟೋ ಉಪಯುಕ್ತ. ಕೆಟ್ಟ ತುಣುಕನ್ನು ಸುಮ್ಮನೆ ಬಿಟ್ಟು ಮುಂದುವರಿಯುವ ಪ್ರೋಗ್ರಾಂ ನನಗೆ ಒಪ್ಪಿಗೆಯಲ್ಲ. ಒಂದು ಅಂಕ ಕಳೆದುಹೋದದ್ದು ಬಳಕೆದಾರರಿಗೆ ತಿಳಿಯಲೇಬೇಕು.

ಇಂಟ್ ಫಂಕ್ಷನ್ 7.5 ಎಂದು ಬರೆದ ಸ್ಟ್ರಿಂಗನ್ನು ನಿರಾಕರಿಸುತ್ತದೆ. ದಶಮಾಂಶ ಬೇಕಿದ್ದರೆ ಫ್ಲೋಟ್ ಬಳಸಬೇಕು. ಆದರೆ ಕನ್ನಡದ ಅಂಕಿಗಳನ್ನು ಇಂಟ್ ಒಪ್ಪುತ್ತದೆ: "೮೫" ಎಂದು ಕೊಟ್ಟಾಗ 85 ದೊರೆತದ್ದು ನನಗೆ ಬಹಳ ಸಂತೋಷ ತಂದಿತು. ಇವಾಲ್ ಬಳಸಿದರೆ ಎಲ್ಲವೂ ಒಂದೇ ಸಾಲಿನಲ್ಲಿ ಮುಗಿಯುತ್ತದೆಂಬ ಸಲಹೆಯನ್ನು ಮಾತ್ರ ನಾನು ಸ್ವೀಕರಿಸಲಿಲ್ಲ, ಏಕೆಂದರೆ ಅದು ಟೈಪ್ ಮಾಡಿದ ಯಾವುದೇ ಕೋಡನ್ನು ನಡೆಸಿಬಿಡುತ್ತದೆ.

ಏನನ್ನೂ ಬರೆಯದೆ ಎಂಟರ್ ಒತ್ತಿದಾಗ ಲಿಸ್ಟ್ ಖಾಲಿಯಾಗಿರುತ್ತದೆ. ಆಗ ಮೊತ್ತ ಸೊನ್ನೆ ಬರುತ್ತದೆ, ಮ್ಯಾಕ್ಸ್ ಫಂಕ್ಷನ್ ಮಾತ್ರ ವ್ಯಾಲ್ಯೂ ಎರರ್ ಕೊಡುತ್ತದೆ. ಅದಕ್ಕಾಗಿ ಲೆಕ್ಕಕ್ಕೆ ಮೊದಲೇ ಲಿಸ್ಟ್ ಖಾಲಿಯೇ ಎಂದು ಪರೀಕ್ಷಿಸಿ, ಖಾಲಿಯಿದ್ದರೆ ಮತ್ತೊಮ್ಮೆ ಅಂಕಗಳನ್ನು ಕೇಳುವಂತೆ ಬರೆದೆ.