ಸಹೋದ್ಯೋಗಿಯ ತಪ್ಪನ್ನು ಅವರಿಗೇ ಹೇಳುವುದು ಹೇಗೆ?

ಜೊತೆಯಲ್ಲಿ ಕೆಲಸ ಮಾಡುವವರ ತಪ್ಪನ್ನು ಅವರಿಗೆ ತಿಳಿಸುವಾಗ ನಮ್ಮ ಕಚೇರಿಗಳಲ್ಲಿ ಎರಡು ಬಗೆಯಲ್ಲಿ ಎಡವುವುದನ್ನು ಕಾಣುತ್ತೇವೆ. ಒಂದು, ತಿಂಗಳುಗಟ್ಟಲೆ ಯಾರೂ ಏನನ್ನೂ ಹೇಳುವುದಿಲ್ಲ; ಅಸಮಾಧಾನ ಒಳಗೊಳಗೇ ಬೆಳೆದು, ಒಂದು ದಿನ ಎಲ್ಲರೆದುರಿಗೆ ಸಿಡಿಯುತ್ತದೆ. ಇನ್ನೊಂದು, ನೋವಾಗಬಾರದೆಂದು ಮಾತನ್ನು ಎಷ್ಟು ಸುತ್ತಿ ಬಳಸಿ ಹೇಳುತ್ತಾರೆಂದರೆ, ಕೇಳಿದವರು ತಮ್ಮನ್ನು ಹೊಗಳಿದರೆಂದೇ ತಿಳಿದು ಎದ್ದು ಹೋಗುತ್ತಾರೆ. ಒಂದು ಸಹಕಾರ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದ ನಾನು ಎರಡನ್ನೂ ಕಂಡಿದ್ದೇನೆ. ಮೊದಲನೆಯದನ್ನು ಸ್ವತಃ ಮಾಡಿದ್ದೇನೆ.

ನಮ್ಮ ವಿಭಾಗದ ಕಿರಿಯ ಸಹೋದ್ಯೋಗಿಯೊಬ್ಬರು ಪ್ರತಿ ತಿಂಗಳು 5ನೇ ತಾರೀಖಿಗೆ ಕೊಡಬೇಕಾಗಿದ್ದ ತಖ್ತೆಯನ್ನು (ಲೆಕ್ಕದ ವಿವರಪಟ್ಟಿಯನ್ನು) ಸತತವಾಗಿ ಮೂರು ತಿಂಗಳು ತಡವಾಗಿ ಕೊಟ್ಟರು. ಮೊದಲೆರಡು ಸಲ ನಾನು ಸುಮ್ಮನಿದ್ದೆ. ಮೂರನೆಯದು ಏಪ್ರಿಲ್ ಮೊದಲ ವಾರ. ಮಾರ್ಚ್ 31ಕ್ಕೆ ಮುಗಿದ ವರ್ಷದ ಲೆಕ್ಕ ಹೊಂದಿಸುವ ಒತ್ತಡದಲ್ಲಿದ್ದ ನಾನು ಇಡೀ ವಿಭಾಗ ಕೇಳುವಂತೆ ‘ನಿಮಗೆ ಜವಾಬ್ದಾರಿ ಅನ್ನುವುದೇ ಇಲ್ಲ’ ಎಂದುಬಿಟ್ಟೆ. ಎರಡು ಶಾಖೆಗಳವರು 4ನೇ ತಾರೀಖಿನ ಸಂಜೆಯವರೆಗೂ ಅಂಕಿಗಳನ್ನು ಕಳುಹಿಸುತ್ತಿರಲಿಲ್ಲವೆಂಬುದು, ಅವನ್ನು ತಾಳೆ ನೋಡಲು ಈ ಕಿರಿಯರು ರಾತ್ರಿ ಎಂಟರವರೆಗೆ ಕುಳಿತಿರುತ್ತಿದ್ದರೆಂಬುದು ನನಗೆ ಗೊತ್ತಾದದ್ದು ಆಮೇಲೆ, ಅದೂ ಇನ್ನೊಬ್ಬರ ಬಾಯಿಂದ. ನಾನು ಕ್ಷಮೆ ಕೇಳಿದೆ. ಆದರೂ ಮುಂದಿನ ಒಂದು ವರ್ಷ ಅವರು ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತನಾಡಿದರು. ಯಾವ ತೊಡಕನ್ನೂ ನನ್ನ ಮೇಜಿನವರೆಗೆ ತರಲಿಲ್ಲ. ಇಲ್ಲಿ ಹೇಳುತ್ತಿರುವ ಕ್ರಮವನ್ನು ನಾನು ಕಲಿಯತೊಡಗಿದ್ದು ಆ ವರ್ಷದಲ್ಲಿ.

ಈ ಕ್ರಮಕ್ಕೆ ಬೇಕಾದದ್ದು ಭಾವನಾತ್ಮಕ ಬುದ್ಧಿಮತ್ತೆ. ಅಮೆರಿಕದ ಮನೋವಿಜ್ಞಾನಿಗಳಾದ ಪೀಟರ್ ಸಲೊವೆ ಮತ್ತು ಜಾನ್ ಮೇಯರ್ ಅವರು 1990ರಲ್ಲಿ ಅದನ್ನು ವಿವರಿಸಿದಾಗ, ತನ್ನ ಮತ್ತು ಇತರರ ಭಾವನೆಗಳನ್ನು ಗಮನಿಸುವುದು, ಅವುಗಳ ನಡುವಿನ ವ್ಯತ್ಯಾಸವನ್ನು ಗುರುತಿಸುವುದು ಮತ್ತು ಆ ತಿಳಿವಳಿಕೆಯಿಂದ ತನ್ನ ಯೋಚನೆ, ನಡೆಗಳಿಗೆ ದಾರಿ ಕಂಡುಕೊಳ್ಳುವುದು ಎಂಬ ಮೂರು ಕೆಲಸಗಳನ್ನು ಹೇಳಿದ್ದರು. ಸದಾ ನಗುಮುಖದಿಂದಿರುವುದಾಗಲಿ, ಯಾರಿಗೂ ಎದುರಾಡದಿರುವುದಾಗಲಿ ಆ ಪಟ್ಟಿಯಲ್ಲಿಲ್ಲ. 1996ರಲ್ಲಿ ಸಂಶೋಧಕರಾದ ಅವ್ರಹಾಂ ಕ್ಲೂಗರ್ ಮತ್ತು ಏಂಜಲೊ ಡೆನಿಸಿ ಅವರು ಹಿಮ್ಮಾಹಿತಿಯ, ಅಂದರೆ ಕೆಲಸ ಹೇಗಾಗಿದೆಯೆಂದು ಮಾಡಿದವರಿಗೇ ತಿಳಿಸುವುದರ, ಕುರಿತು ಅದುವರೆಗೆ ನಡೆದಿದ್ದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸರಾಸರಿಯಲ್ಲಿ ಅದರಿಂದ ಕೆಲಸ ಸುಧಾರಿಸಿದರೂ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಕೆಲಸ ಕೆಟ್ಟಿತ್ತು. ಕೇಳಿದವರ ಗಮನ ಮಾಡಿದ ಕೆಲಸದಿಂದ ಜಾರಿ ‘ನಾನು ಎಂಥವನು’ ಎಂಬ ಪ್ರಶ್ನೆಗೆ ಹೋದಷ್ಟೂ ಮಾತಿನ ಫಲ ಕುಂದುತ್ತದೆ ಎಂಬುದು ಅವರ ವಿವರಣೆ. ಮುಂದಿನ ಎಲ್ಲ ಹೆಜ್ಜೆಗಳ ಉದ್ದೇಶವೂ ಆ ಗಮನವನ್ನು ಕೆಲಸದ ಮೇಲೆಯೇ ಉಳಿಸುವುದು.

ಮೊದಲ ಹೆಜ್ಜೆ: ಕಂಡದ್ದನ್ನೂ ಊಹಿಸಿದ್ದನ್ನೂ ಬೇರ್ಪಡಿಸಿ

ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಗಡೆ ನೀವು ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಿರಿ. ಬಲಗಡೆ ಅದರಿಂದ ನೀವು ಕಟ್ಟಿಕೊಂಡ ಅರ್ಥವನ್ನು ಬರೆಯಿರಿ. ‘ಫೆಬ್ರುವರಿಯ ತಖ್ತೆ 5ರ ಬದಲು 8ನೇ ತಾರೀಖಿಗೆ ಬಂತು’ ಎಂಬುದು ಎಡಗಡೆಯದು. ‘ಜವಾಬ್ದಾರಿಯಿಲ್ಲ’, ‘ಬೇಕೆಂದೇ ಮಾಡುತ್ತಾರೆ’, ‘ನನ್ನ ಮಾತಿಗೆ ಬೆಲೆಯಿಲ್ಲ’ ಎಂಬವೆಲ್ಲ ಬಲಗಡೆಯವು. ಎಡಗಡೆ ಎರಡು ಸಾಲೂ ತುಂಬದಿದ್ದರೆ ಮಾತುಕತೆಯನ್ನು ಮುಂದೂಡಿ, ಏಕೆಂದರೆ ಹೇಳಲು ನಿಮ್ಮಲ್ಲಿ ಇನ್ನೂ ಏನೂ ಇಲ್ಲ. ಇದನ್ನು ಕೈಯಿಂದಲೇ ಬರೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮನಸ್ಸಿನಲ್ಲೇ ಮಾಡಿಕೊಳ್ಳುತ್ತೇನೆಂದವರ ಎರಡು ಕಾಲಂಗಳೂ ಒಂದರೊಳಗೊಂದು ಬೆರೆತುಹೋಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಎರಡನೆಯ ಹೆಜ್ಜೆ: ನಿಮ್ಮೊಳಗಿನ ಭಾವನೆಗೆ ಸರಿಯಾದ ಹೆಸರಿಡಿ

ನಾವು ಎಲ್ಲದಕ್ಕೂ ‘ಬೇಜಾರು’ ಎನ್ನುತ್ತೇವೆ. ಮಾಡಲು ಕೆಲಸವಿಲ್ಲದಿದ್ದರೂ ಬೇಜಾರು, ಆಪ್ತರು ದೂರವಾದರೂ ಬೇಜಾರು, ಸಭೆಯಲ್ಲಿ ನಮ್ಮ ಮಾತನ್ನು ಕಡೆಗಣಿಸಿದರೂ ಬೇಜಾರು. ಮನೆಮಾತಿಗೆ ಆ ಪದ ಸಾಕು, ಇಲ್ಲಿ ಸಾಲದು. ನಿಮಗಾದದ್ದು ಸಿಟ್ಟೋ, ಅವಮಾನವೋ, ಮೇಲಧಿಕಾರಿ ಕೇಳಿದರೆ ಏನು ಹೇಳಲಿ ಎಂಬ ಆತಂಕವೋ, ನಂಬಿದವರು ಕೈಕೊಟ್ಟರೆಂಬ ನೋವೋ ಎಂಬುದನ್ನು ಬಿಡಿಸಿ ನೋಡಿಕೊಳ್ಳಬೇಕು. ಆ ಏಪ್ರಿಲಿನಲ್ಲಿ ನಾನು ಸಿಟ್ಟೆಂದುಕೊಂಡಿದ್ದು ನಿಜವಾಗಿ ಭಯವಾಗಿತ್ತು. ಲೆಕ್ಕಪರಿಶೋಧಕರ ಮುಂದೆ ನಾನು ತಲೆತಗ್ಗಿಸಬೇಕಾಗುತ್ತದೆಂಬ ಭಯ. ಅದು ಗೊತ್ತಿದ್ದಿದ್ದರೆ ನಾನು ಆಡುತ್ತಿದ್ದ ಮಾತೇ ಬೇರೆ ಇರುತ್ತಿತ್ತು. ಹೆಸರಿಡುವುದರಿಂದ ಭಾವನೆಯ ಬಿಸಿಯೂ ಇಳಿಯುತ್ತದೆ. ಕ್ಯಾಲಿಫೋರ್ನಿಯದಲ್ಲಿ ಮ್ಯಾಥ್ಯೂ ಲೀಬರ್ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೋಪ, ಭಯಗಳನ್ನು ತೋರುವ ಮುಖಗಳ ಚಿತ್ರಗಳನ್ನು ನೋಡಿ ಆ ಭಾವನೆಗೆ ಪದ ಆರಿಸಿದಾಗ, ಅಪಾಯವನ್ನು ಗುರುತಿಸಿ ಸ್ಪಂದಿಸುವ ಮೆದುಳಿನ ಭಾಗವಾದ ಅಮಿಗ್ಡಲಾದ ಚಟುವಟಿಕೆ ಕಡಿಮೆಯಾಗಿತ್ತು.

ಮೂರನೆಯ ಹೆಜ್ಜೆ: ಹೊತ್ತು ಮತ್ತು ಜಾಗ

ಇಬ್ಬರೇ ಇರುವ ಕೋಣೆ, ಊಟವಾದ ನಂತರದ ಹೊತ್ತು, ಘಟನೆ ನಡೆದು ಮೂರು ದಿನ ಮೀರಬಾರದು. ವಾಟ್ಸ್‌ಆಪ್ ಗುಂಪಿನಲ್ಲಿ ಮಾತ್ರ ಎಂದಿಗೂ ಬೇಡ.

ನಾಲ್ಕನೆಯ ಹೆಜ್ಜೆ: ಮೊದಲ ವಾಕ್ಯ

ಹೆಚ್ಚಿನವರು ಸೋಲುವುದು ಇಲ್ಲಿಂದ ಮುಂದೆ. ಬಾಯಿ ತೆರೆಯುವ ಮೊದಲೇ ಮೊದಲ ವಾಕ್ಯ ಸಿದ್ಧವಾಗಿರಬೇಕು, ಅದು ಎಡಗಡೆಯ ಕಾಲಂನಿಂದಲೇ ಬರಬೇಕು: ‘ಕಳೆದ ಮೂರು ತಿಂಗಳ ತಖ್ತೆ 5ನೇ ತಾರೀಖಿಗೆ ಬರಲಿಲ್ಲ, ಅದರಿಂದ ನಾನು ಕ್ರೋಡೀಕರಿಸಿದ ಲೆಕ್ಕವನ್ನು ಮೇಲೆ ಕಳುಹಿಸುವುದು ತಡವಾಯಿತು, ಏನಾಗುತ್ತಿದೆ ಎಂದು ನಿಮ್ಮಿಂದ ತಿಳಿಯಬೇಕು.’ ನಡೆದದ್ದು, ಅದರ ಪರಿಣಾಮ, ಒಂದು ಪ್ರಶ್ನೆ, ಇಷ್ಟೇ.

ಪ್ರಶ್ನೆಯ ಪದವನ್ನು ಬಹಳ ಎಚ್ಚರದಿಂದ ಆರಿಸಿಕೊಳ್ಳಬೇಕು. ‘ಯಾಕೆ ತಡ ಮಾಡಿದಿರಿ?’ ಎಂದರೆ ಕೇಳಿದವರು ಕಾರಣ ಹುಡುಕುವುದಿಲ್ಲ, ಸಮಜಾಯಿಷಿ ಹುಡುಕುತ್ತಾರೆ. ಶಾಲೆಯ ದಿನಗಳಿಂದಲೂ ನಮ್ಮಲ್ಲಿ ‘ಯಾಕೆ’ ಎಂಬುದು ಬೈಗುಳದ ಮುನ್ನುಡಿಯಾಗಿ ಬಂದಿದೆ. ‘ಏನಾಯಿತು?’ ಎಂದು ಕೇಳಿದರೆ ಅದೇ ಮನುಷ್ಯ ನಡೆದದ್ದನ್ನು ಹೇಳಲು ತೊಡಗುತ್ತಾನೆ. ‘ಯಾವಾಗಲೂ’, ‘ಒಂದು ಸಲವಾದರೂ’, ‘ಎಷ್ಟು ಸಲ ಹೇಳಬೇಕು’ ಎಂಬವನ್ನು ತೆಗೆದುಹಾಕಿ. ಅವು ನಿಜವಾಗಿರುವುದಿಲ್ಲ, ಮತ್ತು ಸರಿಯಾಗಿ ಮಾಡಿದ ಒಂದು ಸಂದರ್ಭ ಅವರಿಗೆ ನೆನಪಾದ ಕೂಡಲೇ ವಾದ ಅದರ ಕಡೆಗೆ ಹೊರಳುತ್ತದೆ. ಒತ್ತು ಕೊಡುವ ಏಕಾರವೂ ಅಷ್ಟೇ ಅಪಾಯಕಾರಿ: ‘ನೀವು ನೋಡಲಿಲ್ಲ’ ಎಂಬುದಕ್ಕೂ ‘ನೀವು ನೋಡಲೇ ಇಲ್ಲ’ ಎಂಬುದಕ್ಕೂ ಇರುವ ಅಂತರ ಒಂದೇ ಅಕ್ಷರದ್ದು, ಕೇಳುವವರಿಗೆ ಎರಡನೆಯದು ಆರೋಪ. ದಿನವೂ ‘ನೀನು’ ಎನ್ನುವ ಕಿರಿಯರನ್ನು ಆ ದಿನ ಹಠಾತ್ತನೆ ‘ನೀವು’ ಎಂದು ಕರೆದರೆ, ಗೌರವ ಕೊಟ್ಟಂತಾಗುವುದಿಲ್ಲ. ಮುಂದೆ ನೋಟೀಸು ಬರಲಿದೆಯೆಂದು ಅವರು ಹೆದರುತ್ತಾರೆ. ಹಾಗೆಯೇ ‘ನೀವು’ ಎನ್ನುತ್ತಿದ್ದವರು ಸಿಟ್ಟಿನಲ್ಲಿ ‘ನೀನು’ ಎಂದು ಇಳಿದರೆ, ಉಳಿದ ಮಾತೆಲ್ಲ ವ್ಯರ್ಥ.

ಹೊಗಳಿಕೆ, ತಪ್ಪು, ಮತ್ತೆ ಹೊಗಳಿಕೆ ಎಂಬ ಸ್ಯಾಂಡ್‌ವಿಚ್ ಕ್ರಮವನ್ನು ತರಬೇತಿಗಳಲ್ಲಿ ಇಂದಿಗೂ ಹೇಳಿಕೊಡುತ್ತಾರೆ. ಅದನ್ನು ಬಳಸಬೇಡಿ. ‘ನಿಮ್ಮ ಕೆಲಸ ತುಂಬ ಅಚ್ಚುಕಟ್ಟು, ಆದರೆ…’ ಎಂದು ಎರಡು ಸಲ ಕೇಳಿಸಿಕೊಂಡ ಮನುಷ್ಯ ಮೂರನೆಯ ಸಲ ನಿಮ್ಮ ನಿಜವಾದ ಮೆಚ್ಚುಗೆಯನ್ನೂ ನಂಬುವುದಿಲ್ಲ. ಹೊಗಳಿಕೆ ಕೇಳಿದೊಡನೆ ‘ಆದರೆ’ಗಾಗಿ ಕಾಯುತ್ತಾನೆ. ಮೆಚ್ಚುಗೆಗೆ ಬೇರೆ ದಿನವಿದೆ.

ಐದನೆಯ ಹೆಜ್ಜೆ: ಹೇಳಿದ ಮೇಲೆ ಸುಮ್ಮನಿರಿ

ಪ್ರಶ್ನೆ ಕೇಳಿದ ಮೇಲೆ ಬರುವ ಮೌನವನ್ನು ತಡೆಯಲಾರದೆ ನಾವೇ ಮಾತು ಮುಂದುವರಿಸುತ್ತೇವೆ, ನಾವೇ ಉತ್ತರ ಹೇಳಿಬಿಡುತ್ತೇವೆ: ‘ಮನೆಯಲ್ಲಿ ಏನೋ ತೊಂದರೆಯಿರಬೇಕು, ಇರಲಿ ಬಿಡಿ.’ ಅಲ್ಲಿಗೆ ನಿಜವಾದ ಕಾರಣ ಹೊರಬರುವ ಬಾಗಿಲು ಮುಚ್ಚಿತು. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಹತ್ತು ಸೆಕೆಂಡುಗಳ ಮೌನ ಎಷ್ಟು ದೀರ್ಘವೆಂಬುದು ಆಗ ತಿಳಿಯುತ್ತದೆ. ಆ ಹೊತ್ತಿನಲ್ಲಿ ಫೋನು ನೋಡಬಾರದು, ಕಡತ ತಿರುವಬಾರದು.

ಉತ್ತರ ಮೂರು ರೀತಿಯಲ್ಲಿ ಬರಬಹುದು. ಕಣ್ಣೀರು ಬಂದರೆ ನೀರು ಕೊಟ್ಟು ಕಾಯಿರಿ, ವಿಷಯವನ್ನು ಕೈಬಿಡಬೇಡಿ. ‘ಹತ್ತು ನಿಮಿಷ ಬಿಟ್ಟು ಮಾತಾಡೋಣ’ ಎನ್ನುವುದು ಸಾಕು. ‘ನೀವೂ ಹೋದ ತಿಂಗಳು ತಡ ಮಾಡಿದಿರಿ’ ಎಂಬ ಎದುರೇಟು ಬಂದರೆ, ಅದು ನಿಜವಾಗಿದ್ದಲ್ಲಿ ತಕ್ಷಣ ಒಪ್ಪಿಕೊಳ್ಳಿ, ‘ಅದರ ಬಗ್ಗೆಯೂ ಮಾತಾಡೋಣ, ಮೊದಲು ಇದನ್ನು ಮುಗಿಸೋಣ’ ಎಂದು ಹಿಂದಿರುಗಿ. ಮೂರನೆಯದು ಎಲ್ಲಕ್ಕಿಂತ ಕಠಿಣ, ಏಕೆಂದರೆ ಅದು ತೊಂದರೆಯಂತೆ ಕಾಣುವುದೇ ಇಲ್ಲ. ‘ಆಯ್ತು ಸರ್’, ‘ಸರಿ ಮೇಡಂ, ಮುಂದೆ ಹೀಗಾಗಲ್ಲ’ ಎಂದು ಎರಡೇ ಸೆಕೆಂಡಿನಲ್ಲಿ ಒಪ್ಪಿ ಏಳುವವರು ನಿಮ್ಮ ಮಾತನ್ನು ಒಪ್ಪಿಲ್ಲ, ಕೋಣೆಯಿಂದ ಹೊರಬೀಳಲು ಬಯಸಿದ್ದಾರೆ. ಅವರನ್ನು ಕೂರಿಸಿ, ‘5ನೇ ತಾರೀಖಿಗೆ ಕೊಡಲು ಅಡ್ಡಿಯಾಗುತ್ತಿರುವುದು ಯಾವುದು, ಅದರಲ್ಲಿ ನಾನು ಮಾಡಬೇಕಾದದ್ದು ಏನು?’ ಎಂದು ಕೇಳಿ. ನಾನು ಅಂದು ಈ ಪ್ರಶ್ನೆ ಕೇಳಿದ್ದರೆ ಆ ಎರಡು ಶಾಖೆಗಳ ವಿಷಯ ಐದು ನಿಮಿಷದಲ್ಲಿ ಹೊರಬರುತ್ತಿತ್ತು, ಶಾಖಾ ವ್ಯವಸ್ಥಾಪಕರಿಗೆ ನಾನೇ ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು.

ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಮತ್ತೊಮ್ಮೆ ಹೇಳಿ, ‘ಸರಿಯಾಗಿ ತಿಳಿದುಕೊಂಡೆನೇ?’ ಎಂದು ಕೇಳಿ. ಅರ್ಥ ಮಾಡಿಕೊಳ್ಳುವುದೆಂದರೆ ಒಪ್ಪಿಕೊಂಡಂತಲ್ಲ. ಒಪ್ಪಿಕೊಂಡಂತಾದೀತೆಂಬ ಭಯದಿಂದಲೇ ಅನೇಕ ಅಧಿಕಾರಿಗಳು ಈ ಒಂದು ವಾಕ್ಯವನ್ನು ಬಿಟ್ಟುಬಿಡುತ್ತಾರೆ.

ಆರನೆಯ ಹೆಜ್ಜೆ: ಒಪ್ಪಂದ

ಯಾರು, ಏನನ್ನು, ಯಾವ ತಾರೀಖಿನೊಳಗೆ ಮಾಡುತ್ತಾರೆಂದು ಇಬ್ಬರೂ ಬರೆದುಕೊಳ್ಳಿ. ಅದರಲ್ಲಿ ನಿಮ್ಮ ಪಾಲಿನದೂ ಒಂದು ಸಾಲಿರಲಿ.

ಅಡ್ಡದಾರಿಗಳ ಬಗ್ಗೆ ಎರಡು ಮಾತು. ಹತ್ತು ಪ್ರಶ್ನೆಗಳಿಗೆ ಉತ್ತರಿಸಿದರೆ ನಿಮ್ಮ ಭಾವನಾತ್ಮಕ ಬುದ್ಧಿಮತ್ತೆಗೆ ಅಂಕ ಕೊಡುವ ಉಚಿತ ಪರೀಕ್ಷೆಗಳು ಅಂತರ್ಜಾಲದಲ್ಲಿ ತುಂಬಿವೆ. ನಿಮ್ಮ ಬಗ್ಗೆ ನೀವೇ ಅಂದುಕೊಂಡಿರುವುದನ್ನಷ್ಟೇ ಅವು ಹಿಂದಿರುಗಿಸುತ್ತವೆ. ಯಂತ್ರದಿಂದ ಬರೆಸಿದ ನಯವಾದ ಇಮೇಲನ್ನು ಕಳುಹಿಸಿ ಮಾತುಕತೆಯನ್ನೇ ತಪ್ಪಿಸಿಕೊಳ್ಳುವವರು ಈಗ ಹೆಚ್ಚುತ್ತಿದ್ದಾರೆ. ಓದಿದವರಿಗೆ ಅದು ಮುಂದಿನ ಶಿಸ್ತುಕ್ರಮಕ್ಕೆ ಸಂಗ್ರಹಿಸುತ್ತಿರುವ ದಾಖಲೆಯಂತೆ ಕಾಣುತ್ತದೆ. ಒಂದು ದಿನದ ವ್ಯಕ್ತಿತ್ವ ವಿಕಸನ ಶಿಬಿರಕ್ಕೆ ಹಣ ಕೊಡುವ ಬದಲು, ನಂಬಿಕೆಯ ಗೆಳೆಯರೊಬ್ಬರ ಮುಂದೆ ಆ ಮೊದಲ ವಾಕ್ಯವನ್ನು ಮೂರು ಸಲ ಗಟ್ಟಿಯಾಗಿ ಹೇಳಿ ನೋಡಿ.

ತಪ್ಪು ಮೇಲಧಿಕಾರಿಯದ್ದಾಗಿದ್ದರೆ ಹೆಜ್ಜೆಗಳು ಇವೇ, ಮೊದಲು ಅನುಮತಿ ಕೇಳುವುದಷ್ಟೇ ಹೊಸದು: ‘ಸರ್, ನಿನ್ನೆಯ ಸುತ್ತೋಲೆಯ ಬಗ್ಗೆ ಐದು ನಿಮಿಷ ಮಾತಾಡಬಹುದೇ?’ ಗೊತ್ತಿದ್ದೂ ‘ಒಂದು ಸಂದೇಹ’ ಎಂದು ನಟಿಸುವ ರೂಢಿಯನ್ನು ನಾನು ಮೆಚ್ಚುವುದಿಲ್ಲ. ಮೇಲಿನವರು ಅದನ್ನು ಸಂದೇಹವೆಂದೇ ತಿಳಿದು ಪರಿಹರಿಸಿ ಕಳುಹಿಸುತ್ತಾರೆ, ತಪ್ಪು ಹಾಗೆಯೇ ಉಳಿಯುತ್ತದೆ.

ಎಲ್ಲ ತಪ್ಪುಗಳಿಗೂ ಈ ಕ್ರಮ ಸಲ್ಲದು. ಹಣದ ದುರುಪಯೋಗವಾಗಿದ್ದರೆ ಇಬ್ಬರೇ ಕುಳಿತು ಮಾತನಾಡುವುದರಿಂದ ಸಾಕ್ಷ್ಯ ಕೆಡಬಹುದು. ಲೈಂಗಿಕ ಕಿರುಕುಳವಾಗಿದ್ದರೆ, ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಕಡೆಗಳಲ್ಲಿ 2013ರ ಕಾಯ್ದೆಯ ಪ್ರಕಾರ ಆಂತರಿಕ ಸಮಿತಿ ಇರಲೇಬೇಕು. ದೂರು ಹೋಗಬೇಕಾದದ್ದು ಅಲ್ಲಿಗೆ. ‘ಮಾತಾಡಿ ಸರಿಮಾಡಿಕೊಳ್ಳಿ’ ಎಂದು ನೊಂದವರಿಗೇ ಹೇಳುವುದು ಅನ್ಯಾಯ.

ಏಳನೆಯ ಹೆಜ್ಜೆ: ಮುಂದಿನ 5ನೇ ತಾರೀಖು

ಒಪ್ಪಿದ ದಿನ ಬಂದಾಗ ತಖ್ತೆ ಹೊತ್ತಿಗೆ ಸರಿಯಾಗಿ ಬಂದಿದ್ದರೆ, ಅದನ್ನು ಅಂದೇ ಹೇಳಿ, ತಪ್ಪನ್ನು ಹೇಳಿದಷ್ಟೇ ನಿಖರವಾಗಿ ಹೇಳಿ: ‘ಇಂದು ಮಧ್ಯಾಹ್ನದೊಳಗೆ ತಖ್ತೆ ಕೈಸೇರಿತು, ಸಂಜೆಯೊಳಗೆ ನಾನು ಮೇಲೆ ಕಳುಹಿಸಿದೆ.’ ಬಂದಿಲ್ಲದಿದ್ದರೆ ಮರುದಿನವೇ ಮತ್ತೆ ಕುಳಿತುಕೊಳ್ಳಿ, ಈ ಸಲ ಹಳೆಯ ಮೂರು ತಿಂಗಳನ್ನು ಎತ್ತದೆ, ಇಬ್ಬರೂ ಬರೆದುಕೊಂಡ ಆ ಹಾಳೆಯನ್ನು ಮುಂದಿಟ್ಟುಕೊಂಡು ಅದರಲ್ಲಿ ನಿಮ್ಮ ಪಾಲಿನ ಸಾಲಿನಿಂದ ಆರಂಭಿಸಿ.